ಕ್ಯಾಬ್ ಕಂಪನಿಯ ಭವಿಷ್ಯ ಕಂಪನಿಯ ಕೈಯಲ್ಲಿ ಎಷ್ಟಿದೆ?

ಪ್ರಶ್ನೆ: ನಾನು ತುಮಕೂರಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದು ನಿವೃತ್ತನಾದವನು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಸಾಲ ಮಾಡಿ ಕಾರು ಕೊಂಡು ಆ್ಯಪ್ ಕಂಪನಿಗೆ ಓಡಿಸುವ ಯೋಚನೆಯಲ್ಲಿದ್ದಾನೆ. ಇಂಥ ಕಂಪನಿಗಳು ಷೇರುಪೇಟೆಗೆ ಬಂದರೆ ಸ್ವಲ್ಪ ಹಣ ಹಾಕೋಣವೆಂಬ ಆಸೆ ನನಗೂ ಇದೆ. ಆದರೆ ಇವುಗಳ ಲಾಭ–ನಷ್ಟದ ಪಟ್ಟಿ ಎಷ್ಟು ಓದಿದರೂ ನನಗೆ ಹಿಡಿತಕ್ಕೆ ಸಿಗುತ್ತಿಲ್ಲ. ಸರ್ಕಾರದ ನಿಯಮ, ಇಂಧನದ ಬೆಲೆ, ಮೆಟ್ರೊ, ಪೈಪೋಟಿ, ಇಂಥ ಹೊರಗಿನ ಸಂಗತಿಗಳು ಕಂಪನಿಯ ಭವಿಷ್ಯವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತವೆ? ಮೊದಲು ಯಾವುದನ್ನು ನೋಡಬೇಕು?

ಉತ್ತರ: ನಿಮ್ಮದು ತುಮಕೂರು ಜಿಲ್ಲೆಯಾದ್ದರಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದಲೇ ಶುರು ಮಾಡುತ್ತೇನೆ. ರೈತ ಕೊಬ್ಬರಿ ಮೂಟೆ ತರುತ್ತಾನೆ, ವ್ಯಾಪಾರಿ ಕೊಳ್ಳುತ್ತಾನೆ, ನಡುವೆ ದಲ್ಲಾಳಿ ಕೂತಿರುತ್ತಾನೆ. ದಲ್ಲಾಳಿಗೆ ತೋಟವೂ ಇಲ್ಲ, ಎಣ್ಣೆ ಗಾಣವೂ ಇಲ್ಲ. ಇಬ್ಬರನ್ನು ಸೇರಿಸಿದ್ದಕ್ಕೆ ಸಿಗುವ ಕಮಿಷನ್ನೇ ಅವನ ಆದಾಯ. ಮಳೆ ಹೋದರೆ, ಧಾರಣೆ ಬಿದ್ದರೆ, ಎಪಿಎಂಸಿ ಕಾಯ್ದೆ ಬದಲಾದರೆ, ರೈತ ಪಕ್ಕದ ಮಂಡಿಗೆ ಹೋದರೆ, ಈ ಯಾವುದರಲ್ಲೂ ಅವನ ಮಾತು ನಡೆಯುವುದಿಲ್ಲ. ಆದರೆ ಪೆಟ್ಟು ಬೀಳುವುದು ಅವನ ಗಲ್ಲಾಪೆಟ್ಟಿಗೆಗೆ. ಕ್ಯಾಬ್ ಆ್ಯಪ್ ಕಂಪನಿಯ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಓಡುವ ಕಾರುಗಳಲ್ಲಿ ಬಹುಪಾಲು ಅದರದಲ್ಲ. ಚಾಲಕ ಅದರ ನೌಕರನಲ್ಲ. ನಮ್ಮ ರಾಜ್ಯದಲ್ಲಿ ದರವನ್ನೂ ಅದು ತನ್ನಿಷ್ಟದಂತೆ ನಿಗದಿಪಡಿಸುವಂತಿಲ್ಲ. ಪ್ರಯಾಣಿಕ ಕೊಡುವ ಹಣಕ್ಕೂ ಚಾಲಕನ ಕೈಸೇರುವ ಹಣಕ್ಕೂ ನಡುವಿನ ಅಂತರವೇ ಅದರ ಬದುಕು. ಆ ಅಂತರವನ್ನು ಹಿಗ್ಗಿಸುವ, ಕುಗ್ಗಿಸುವ ಶಕ್ತಿಗಳೆಲ್ಲ ಕಂಪನಿಯ ಹೊರಗಿವೆ. ಲೆಕ್ಕದ ಪುಸ್ತಕದೊಳಗೆ ಹುಡುಕಿದ್ದಕ್ಕೇ ನಿಮಗೆ ಅದು ಸಿಗಲಿಲ್ಲ.

ಬೆಂಗಳೂರಿನ ಆಟೊಗಳ ವಿಚಾರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಉದ್ಯಮ ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2022ರಲ್ಲಿ ಬೆಂಗಳೂರಿನ ಆಟೊ ದರ ಮೊದಲ 2 ಕಿಲೊಮೀಟರಿಗೆ 30 ರೂಪಾಯಿ, ನಂತರ ಕಿಲೊಮೀಟರಿಗೆ 15 ರೂಪಾಯಿ ಇತ್ತು. ಆ್ಯಪ್‌ಗಳಲ್ಲಿ ಮಾತ್ರ ಕೂಗಳತೆಯ ದೂರಕ್ಕೂ 100 ರೂಪಾಯಿ ತೋರಿಸುತ್ತಿತ್ತು. ಜನ ದೂರಿದರು. ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆಯು ಓಲಾ, ಉಬರ್, ರ‍್ಯಾಪಿಡೊ ಕಂಪನಿಗಳಿಗೆ ಆಟೊ ಸೇವೆ ನಿಲ್ಲಿಸುವಂತೆ ನೋಟಿಸ್ ಕೊಟ್ಟಿತು. 2016ರ ನಿಯಮಗಳ ಅಡಿಯಲ್ಲಿ ಪಡೆದ ಪರವಾನಗಿ ಟ್ಯಾಕ್ಸಿಗೆ ಮಾತ್ರ, ಆಟೊಗೆ ಅಲ್ಲ ಎಂಬುದು ಇಲಾಖೆಯ ವಾದ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನವೆಂಬರ್ ಕೊನೆಗೆ ಸರ್ಕಾರ ನಿಗದಿತ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿಯನ್ನಷ್ಟೇ ಪಡೆಯಬೇಕೆಂದು ಆದೇಶಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈ ಜಗಳ ನಡೆಯುತ್ತಿದ್ದ ದಿನಗಳಲ್ಲೇ, ಅಂದರೆ 2022ರ ನವೆಂಬರ್‌ನಲ್ಲಿ, ‘ನಮ್ಮ ಯಾತ್ರಿ’ ಬಂತು. ನಗರದ ಆಟೊ ಚಾಲಕರ ಸಂಘವೊಂದರ ಜೊತೆಗೂಡಿ, ಹಣಪಾವತಿ ತಂತ್ರಜ್ಞಾನದ ಕಂಪನಿ ಜಸ್‌ಪೇ ರೂಪಿಸಿದ ಆ್ಯಪ್ ಅದು. ಅದರಲ್ಲಿ ಕಮಿಷನ್ ಇಲ್ಲ. ಮುಂದೆ ಚಾಲಕರಿಂದ ದಿನಕ್ಕೆ 25 ರೂಪಾಯಿಯ ಚಂದಾ ಪಡೆಯುವ ಕ್ರಮ ಬಂತು.

ನೀವು ಲೆಕ್ಕದವರು, ಒಂದು ಲೆಕ್ಕ ಹಾಕಿ ನೋಡೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೊ ದರ ಮೊದಲ 2 ಕಿಲೊಮೀಟರಿಗೆ 36 ರೂಪಾಯಿ, ನಂತರ ಕಿಲೊಮೀಟರಿಗೆ 18 ರೂಪಾಯಿ. 6 ಕಿಲೊಮೀಟರಿನ ಬಾಡಿಗೆಗೆ 108 ರೂಪಾಯಿ ಆಗುತ್ತದೆ. ಚಾಲಕ ದಿನಕ್ಕೆ ಇಂಥ 15 ಬಾಡಿಗೆ ಹೊಡೆದ ಎಂದಿಟ್ಟುಕೊಳ್ಳಿ, ಒಟ್ಟು 1,620 ರೂಪಾಯಿ. ಶೇ 20 ಕಮಿಷನ್ ಇದ್ದರೆ ಕಂಪನಿಗೆ 324 ರೂಪಾಯಿ, ಶೇ 5 ಇದ್ದರೆ 81 ರೂಪಾಯಿ, ಚಂದಾ ಪದ್ಧತಿಯಲ್ಲಿ 25 ರೂಪಾಯಿ. ಅದೇ ಚಾಲಕ, ಅದೇ ರಸ್ತೆ, ಅದೇ ದುಡಿಮೆ. ಕಂಪನಿಯ ಪಾಲು ಮಾತ್ರ 324ರಿಂದ 25ಕ್ಕೆ ಇಳಿಯಿತು. ಸರ್ಕಾರದ ಒಂದು ಆದೇಶ, ಚಾಲಕರ ಸಿಟ್ಟು, ಹೊಸ ಆ್ಯಪ್, ಇವು ಮೂರೂ ಒಂದೇ ಹೊತ್ತಿಗೆ ಕೂಡಿದ್ದರ ಫಲ ಇದು. ಕಂಪನಿಯ ಒಳಗೆ ಯಾರೂ ತಪ್ಪು ಮಾಡದಿದ್ದರೂ ಇದು ಆಗುತ್ತಿತ್ತು.

ಅಲ್ಲಿಂದ ಆಚೆಗೆ ದೊಡ್ಡ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. 2023ರ ಡಿಸೆಂಬರ್‌ನಲ್ಲಿ ಕ್ಯಾಬ್ ಸೇವೆಗೆ ಇಳಿದ ರ‍್ಯಾಪಿಡೊ ಚಂದಾ ಪದ್ಧತಿಯನ್ನೇ ಆರಿಸಿಕೊಂಡಿತು. 2025ರ ಫೆಬ್ರುವರಿಯಲ್ಲಿ ಉಬರ್ ತನ್ನ ಆಟೊಗಳಿಗೆ ಕಮಿಷನ್ ಕೈಬಿಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಓಲಾ ದೇಶದಾದ್ಯಂತ ಕಮಿಷನ್ ಇಲ್ಲದ ವ್ಯವಸ್ಥೆ ಘೋಷಿಸಿತು. ದಲ್ಲಾಳಿ ಕಮಿಷನ್ ಬಿಟ್ಟು ಮಂಡಿಯ ಜಾಗಕ್ಕೆ ಬಾಡಿಗೆ ವಸೂಲಿ ಮಾಡುವವನಾದ ಎಂದುಕೊಳ್ಳಿ. ಇಂಥ ಕಂಪನಿಯ ಹಳೆಯ ವರ್ಷಗಳ ಆದಾಯವನ್ನು ಹೊಸ ವರ್ಷಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಚಾಲಕನ ವಿಚಾರಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯಲ್ಲಿ ಅವನು ಇಲ್ಲ. ನನ್ನ ಪಟ್ಟಿಯಲ್ಲಿ ಮೊದಲಿಗ ಅವನೇ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಹೆಬ್ಬಾಳದಿಂದ ಮಲ್ಲೇಶ್ವರಕ್ಕೆ ಆಟೊದಲ್ಲಿ ಬಂದೆ. ಹ್ಯಾಂಡಲ್ ಪಕ್ಕದಲ್ಲಿ ಎರಡು ಮೊಬೈಲ್, ಎರಡರಲ್ಲೂ ಸೇರಿ ನಾಲ್ಕು ಆ್ಯಪ್. ಮೇಖ್ರಿ ವೃತ್ತದ ಸಿಗ್ನಲ್‌ನಲ್ಲಿ ನಿಂತಾಗ ಒಂದು ಮೊಬೈಲ್ ಸದ್ದು ಮಾಡಿತು. ಚಾಲಕ ತೊಡೆಯ ಮೇಲಿದ್ದ ಬಟ್ಟೆಯಿಂದ ಪರದೆಯ ಹನಿ ಒರೆಸಿ, ಎಲ್ಲಿಗೆಂದು ನೋಡಿ, ಬೇಡವೆಂದು ಸರಿಸಿದ. ಯಾವ ಕಂಪನಿಗೆ ಓಡಿಸುತ್ತೀರಿ ಎಂದು ಕೇಳಿದೆ. ‘ಯಾವುದರಲ್ಲಿ ಮೊದಲು ಒಳ್ಳೆಯ ಬಾಡಿಗೆ ಬರುತ್ತದೋ ಆ ಹೊತ್ತಿಗೆ ಅದೇ ನಮ್ಮ ಕಂಪನಿ, ಸರ್’ ಎಂದ. ಗ್ಯಾಸ್ ಖರ್ಚು, ಗಾಡಿಯ ಕಂತು, ಎಫ್‌ಸಿಗೆಂದು, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರಕ್ಕೆಂದು ಎತ್ತಿಟ್ಟ ಹಣ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು.

ಕಾನೂನಿನ ಕಣ್ಣಿಗೆ ಚಾಲಕ ನೌಕರನಲ್ಲ, ಸ್ವತಂತ್ರ ಪಾಲುದಾರ. ಪಿಎಫ್, ಸಂಬಳ, ರಜೆ ಯಾವುದೂ ಬೇಡವೆಂದು ಕಂಪನಿಗಳೇ ಕಟ್ಟಿಕೊಂಡ ವ್ಯವಸ್ಥೆ ಅದು. ಅವನನ್ನು ಹೊರಗೆ ನಿಲ್ಲಿಸಿದ್ದರಿಂದ ಅವನು ನಿಜವಾಗಿಯೂ ಹೊರಗಿನವನೇ ಆದ. ಬೆರಳಿನಿಂದ ಒಮ್ಮೆ ಒತ್ತಿದರೆ ಬೇರೆ ಆ್ಯಪ್‌ಗೆ ಹೋಗುತ್ತಾನೆ. 2013–16ರ ಸುಮಾರಿಗೆ ಕಂಪನಿಗಳು ಹೂಡಿಕೆದಾರರ ಹಣದಿಂದ ಭಾರೀ ಇನ್ಸೆಂಟಿವ್ ಕೊಟ್ಟು ಚಾಲಕರನ್ನು ಸೆಳೆದವು. ಮಂಡ್ಯ, ರಾಮನಗರ, ಹಾಸನದ ಎಷ್ಟೋ ಹುಡುಗರು ಸಾಲ ಮಾಡಿ ಹಳದಿ ಬೋರ್ಡ್ ಕಾರು ಕೊಂಡರು. ಇನ್ಸೆಂಟಿವ್ ಕರಗತೊಡಗಿದಾಗ ಕಂತು ಕಟ್ಟಲಾರದೆ ಕಂಗಾಲಾದರು. 2017ರಲ್ಲಿ ಬೆಂಗಳೂರಿನಲ್ಲಿ ಅವರು ನಡೆಸಿದ ಮುಷ್ಕರ, ಕಾರು ಕಳೆದುಕೊಂಡವರ ಕಣ್ಣೀರು, ನನಗೆ ಇನ್ನೂ ನೆನಪಿದೆ. ಇವತ್ತು ಪ್ರಯಾಣಿಕ ಬುಕ್ ಮಾಡಿದ ಮೇಲೂ ಚಾಲಕ ರದ್ದು ಮಾಡುತ್ತಾನೆಂದರೆ, ಅದರ ಬೇರು ಆ ದಿನಗಳಲ್ಲಿದೆ. ಹಾಗಾಗಿ ಯಾವುದೇ ಕಂಪನಿಯನ್ನು ಅಳೆಯುವಾಗ ಅದಕ್ಕೆ ಎಷ್ಟು ಲಕ್ಷ ಗ್ರಾಹಕರಿದ್ದಾರೆ ಎನ್ನುವುದಕ್ಕಿಂತ, ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್‌ನಲ್ಲಿ ಅದರ ಕರೆಗೆ ಎಷ್ಟು ಚಾಲಕರು ಓಗೊಡುತ್ತಾರೆ ಎಂದು ಕೇಳಿ.

ಇನ್ನು ಸರ್ಕಾರ ಮತ್ತು ನ್ಯಾಯಾಲಯ. ಇಲ್ಲಿ ಅಪಾಯ ಒಂದೇ ದಿನದಲ್ಲಿ ಬಂದೆರಗುತ್ತದೆ. ಬೈಕ್ ಟ್ಯಾಕ್ಸಿಯನ್ನೇ ನೋಡಿ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಓಲಾ, ಉಬರ್ ಅದನ್ನು ಆರಂಭಿಸಿ ನಿಲ್ಲಿಸಬೇಕಾಯಿತು. 2019ರ ಮಾರ್ಚ್‌ನಲ್ಲಿ ಇದೇ ಕಾರಣಕ್ಕೆ ಓಲಾದ ಪರವಾನಗಿಯನ್ನು ಆರು ತಿಂಗಳು ಅಮಾನತು ಮಾಡಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. 2021ರಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿಗೆ ಯೋಜನೆಯೊಂದು ಬಂತು. 2024ರ ಮಾರ್ಚ್‌ನಲ್ಲಿ ಸರ್ಕಾರವೇ ಅದನ್ನು ರದ್ದು ಮಾಡಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ, ಮೋಟಾರು ವಾಹನ ಕಾಯ್ದೆಯ 93ನೇ ಸೆಕ್ಷನ್ ಅಡಿಯಲ್ಲಿ ರಾಜ್ಯವು ಮಾರ್ಗಸೂಚಿ ರೂಪಿಸುವವರೆಗೆ ಬೈಕ್ ಟ್ಯಾಕ್ಸಿ ಓಡಿಸುವಂತಿಲ್ಲ ಎಂದಿತು. ಜೂನ್ 16ರ ಬೆಳಗ್ಗೆ ಹಿಂದಿನ ದಿನದವರೆಗೆ ಇದ್ದ ಸೇವೆ ಇರಲಿಲ್ಲ. ಆ್ಯಪ್‌ಗಳು ಅದನ್ನು ಪಾರ್ಸೆಲ್ ಎಂಬ ಹೆಸರಿನಲ್ಲಿ ತೋರಿಸಿ ನೋಡಿದವು. ಅಷ್ಟರಲ್ಲಿ ಕಂಪನಿಗಳು ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿದ್ದವು. ಆಗಸ್ಟ್‌ನಲ್ಲಿ ಸೇವೆ ಮತ್ತೆ ಕೆಲವು ಆ್ಯಪ್‌ಗಳಲ್ಲಿ ಕಾಣಿಸಿಕೊಂಡಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬೈಕ್ ಟ್ಯಾಕ್ಸಿಯಿಂದಲೇ ಬೆಳೆದ ರ‍್ಯಾಪಿಡೊ ತನ್ನ ತವರಿನಲ್ಲೇ ಇದನ್ನು ಎದುರಿಸಬೇಕಾಯಿತು. ಅದು ಆಟೊ, ಕ್ಯಾಬ್‌ಗಳತ್ತ ಹರಡಿಕೊಂಡಿದ್ದನ್ನು ನಾನು ದುರಾಸೆ ಎನ್ನುವುದಿಲ್ಲ. ಒಂದೇ ಪರವಾನಗಿಯ ಮೇಲೆ ಮನೆ ಕಟ್ಟಬಾರದೆಂಬ ಎಚ್ಚರ ಅದು.

ಷೇರಿನ ಆಸೆ ಇರುವ ನೀವು ಚೀನಾದ ಕ್ಯಾಬ್ ಆ್ಯಪ್ ಕಂಪನಿ ದೀದಿಯ ಕಥೆಯನ್ನೂ ತಿಳಿದಿರಬೇಕು. ಅದು 2021ರ ಜೂನ್ 30ರಂದು ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಎರಡೇ ದಿನಕ್ಕೆ ಚೀನಾದ ಸೈಬರ್ ನಿಯಂತ್ರಕರು ದತ್ತಾಂಶ ಸುರಕ್ಷತೆಯ ತನಿಖೆ ಘೋಷಿಸಿದರು. ಜುಲೈ 4ರಂದು ಆ್ಯಪ್ ಅನ್ನೇ ಆ್ಯಪ್ ಮಳಿಗೆಗಳಿಂದ ತೆಗೆಸಿದರು. ವರ್ಷದೊಳಗೆ ಕಂಪನಿ ನ್ಯೂಯಾರ್ಕ್ ಪೇಟೆಯಿಂದ ಹೊರಬಂತು. 2022ರ ಜುಲೈನಲ್ಲಿ 800 ಕೋಟಿ ಯುವಾನ್‌ಗೂ ಹೆಚ್ಚು ದಂಡ ಬಿತ್ತು. ತನಿಖೆ ಘೋಷಿಸಿದ ಆ ವಾರ ದೀದಿಯ ಕಾರುಗಳೂ ಚಾಲಕರೂ ಗ್ರಾಹಕರೂ ಹಾಗೆಯೇ ಇದ್ದರು. ಷೇರು ಕೊಂಡವರ ಹಣ ಮಾತ್ರ ಕರಗಿತು.

ದರದ ವಿಚಾರದಲ್ಲಿ ರಾಜ್ಯದ ದಾರಿ ಒಂದು, ಕೇಂದ್ರದ ದಾರಿ ಇನ್ನೊಂದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಆ್ಯಪ್ ಕ್ಯಾಬ್‌ಗಳಿಗೂ ಉಳಿದ ನಗರ ಟ್ಯಾಕ್ಸಿಗಳಿಗೂ ಒಂದೇ ದರ ಗೊತ್ತುಮಾಡಿತು. 10 ಲಕ್ಷ ರೂಪಾಯಿವರೆಗಿನ ಕಾರಿಗೆ ಮೊದಲ 4 ಕಿಲೊಮೀಟರಿಗೆ 100 ರೂಪಾಯಿ, ನಂತರ ಕಿಲೊಮೀಟರಿಗೆ 24 ರೂಪಾಯಿ. ಬೇಡಿಕೆ ನೋಡಿ ದರ ಏರಿಸಲು ಅದರಲ್ಲಿ ಅವಕಾಶವಿಲ್ಲ. 2025ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ, ದಟ್ಟಣೆಯ ಹೊತ್ತಿನಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ಪಡೆಯಬಹುದೆನ್ನುತ್ತದೆ. ಯಾವುದು ಜಾರಿಯಾಗುತ್ತದೆ ಎನ್ನುವುದು ರಾಜ್ಯದ ಮರ್ಜಿ. ಮಳೆ ಸುರಿಯುವ ಸಂಜೆ ಎರಡು ಪಟ್ಟು ಕೇಳಿದರೆ ಪ್ರಯಾಣಿಕನಿಗೆ ಹೊಟ್ಟೆ ಉರಿಯುತ್ತದೆ, ನನಗೂ ಉರಿಯುತ್ತದೆ. ಆದರೆ ನೀರು ನಿಂತ ಹೊರವರ್ತುಲ ರಸ್ತೆಗೆ ಅದೇ ದರಕ್ಕೆ ಬರಲು ಚಾಲಕ ಒಪ್ಪುವುದಿಲ್ಲ. ಆಗ ಆ್ಯಪ್‌ನಲ್ಲಿ ಗಾಡಿಯೇ ಸಿಗುವುದಿಲ್ಲ. ಒಂದು ಮಿತಿಯೊಳಗೆ ದರ ಏರಲು ಬಿಡುವುದು, ಏರಿದ್ದರಲ್ಲಿ ಹೆಚ್ಚಿನ ಪಾಲು ಚಾಲಕನಿಗೇ ಸೇರುವಂತೆ ನೋಡಿಕೊಳ್ಳುವುದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ.

ತೆರಿಗೆಯಲ್ಲೂ ತೊಡಕಿದೆ. 2022ರ ಜನವರಿಯಿಂದ ಆ್ಯಪ್ ಮೂಲಕ ಹತ್ತಿದ ಆಟೊಗೆ ಶೇ 5 ಜಿಎಸ್‌ಟಿ ಇದೆ, ಬೀದಿಯಲ್ಲಿ ಕೈತೋರಿಸಿ ಹತ್ತಿದರೆ ಇಲ್ಲ. ಹಾಗಾದರೆ ಚಾಲಕನಿಂದ ಚಂದಾ ಮಾತ್ರ ಪಡೆದು, ಬಾಡಿಗೆ ಹಣ ಮುಟ್ಟದ ಕಂಪನಿ ಆ ತೆರಿಗೆ ಕಟ್ಟಬೇಕೇ? ನಮ್ಮ ಯಾತ್ರಿಯ ವಿಷಯದಲ್ಲಿ ಬೇಡವೆಂದ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ (ಜಿಎಸ್‌ಟಿ ಕಟ್ಟಬೇಕೇ ಎಂಬ ಪ್ರಶ್ನೆಗೆ ಮೊದಲೇ ತೀರ್ಪು ಕೊಡುವ ಸಂಸ್ಥೆ), 2024ರಲ್ಲಿ ಉಬರ್ ಅಂಥದ್ದೇ ಪ್ರಶ್ನೆ ಕೇಳಿದಾಗ ಕಟ್ಟಬೇಕೆಂದಿತು. ನೂರು ರೂಪಾಯಿಯ ಬಾಡಿಗೆಯಲ್ಲಿ ಐದು ರೂಪಾಯಿ ವ್ಯತ್ಯಾಸವಾದರೆ ಪ್ರಯಾಣಿಕ ಇನ್ನೊಂದು ಆ್ಯಪ್ ತೆರೆಯುತ್ತಾನೆ. ಹಳೆಯ ಬಾಕಿ ಕಟ್ಟಿ ಎಂದು ಇಲಾಖೆ ಮುಂದೊಂದು ದಿನ ಕೇಳಿದರೆ ಆ ಹೊರೆ ಕಂಪನಿಯದೇ.

ಇದರ ಜೊತೆಗೆ ಕಾರ್ಮಿಕ ಕಲ್ಯಾಣದ ವೆಚ್ಚ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ಬಿಡಿಗೆಲಸ ಮಾಡುವವರ ಸಾಮಾಜಿಕ ಭದ್ರತೆಗೆ ಕಾನೂನು ತಂದಿತು. ಪ್ರತಿ ವ್ಯವಹಾರದಲ್ಲೂ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅದು ಅಧಿಕಾರ ಕೊಡುತ್ತದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಅದೇ ವರ್ಷದ ನವೆಂಬರ್ 21ರಿಂದ ಜಾರಿಗೆ ಬಂತು. ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಕಂಪನಿಗಳು ಕೊಡಬೇಕೆನ್ನುತ್ತದೆ ಅದು. ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿದು ಬೆನ್ನು ಕಳೆದುಕೊಂಡವನಿಗೆ ವಿಮೆಯಾದರೂ ಇರಲಿ ಎಂಬುದು ನ್ಯಾಯ. ಹತ್ತು ವರ್ಷ ತಡವಾಗಿಯೇ ಬಂತು. ಹೂಡಿಕೆದಾರರಾಗಿ ನೀವು ಇದನ್ನು ಇನ್ನು ಖಾಯಂ ಖರ್ಚೆಂದೇ ಬರೆದುಕೊಳ್ಳಬೇಕು.

ಬೇಡಿಕೆಯ ಕಡೆಗೆ ತಿರುಗಿದರೆ ಮೆಟ್ರೊ ಎಲ್ಲರೂ ಹೇಳುವಷ್ಟು ಸರಳ ಶತ್ರುವಲ್ಲ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು. ಆ ದಾರಿಯಲ್ಲಿ ದೂರದ ಕ್ಯಾಬ್ ಹಿಡಿಯುತ್ತಿದ್ದವರಲ್ಲಿ ಹಲವರು ರೈಲಿಗೆ ಹೋದರು. ಆದರೆ ನಿಲ್ದಾಣದಿಂದ ಮನೆಗೆ, ಕಚೇರಿಗೆ ಎರಡು ಮೂರು ಕಿಲೊಮೀಟರಿನ ಆಟೊ, ಬೈಕ್ ಬಾಡಿಗೆಗಳು ಹುಟ್ಟಿಕೊಂಡವು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ತಲುಪಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಅದೇ ನೋಟ. ಕ್ಯಾಬ್‌ಗಳನ್ನೇ ನೆಚ್ಚಿದ ಕಂಪನಿಗೆ ಮೆಟ್ರೊದಿಂದ ನಷ್ಟ, ಆಟೊ ಮತ್ತು ಬೈಕ್ ಇರುವ ಕಂಪನಿಗೆ ಲಾಭ. ನಾನು ನಿಜವಾಗಿ ಕಾಯುತ್ತಿರುವುದು ವಿಮಾನ ನಿಲ್ದಾಣದ ನೀಲಿ ಮಾರ್ಗಕ್ಕೆ. ನಗರದಿಂದ ದೇವನಹಳ್ಳಿಯ ಕಡೆಗೆ ಹೋಗುವ ಉದ್ದನೆಯ ಬಾಡಿಗೆಯೇ ಕ್ಯಾಬ್ ಚಾಲಕನ ದಿನದ ದೊಡ್ಡ ಗಳಿಕೆ. ಆ ರೈಲು ಓಡತೊಡಗಿದಾಗ ಬೆಂಗಳೂರಿನ ಕ್ಯಾಬ್ ಲೆಕ್ಕಾಚಾರವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಬೇಡಿಕೆಯೇ ಪೂರ್ತಿ ಮಾಯವಾಗುವುದೂ ಉಂಟು. 2020ರ ಮಾರ್ಚ್‌ನ ಲಾಕ್‌ಡೌನ್ ನಂತರ ಎರಡು ತಿಂಗಳಲ್ಲಿ ಆದಾಯ ಶೇ 95 ಕುಸಿದಿದೆ ಎಂದು ಓಲಾ ಹೇಳಿ 1,400 ನೌಕರರನ್ನು ಕೈಬಿಟ್ಟಿತು. ಆಮೇಲೆ ಐಟಿ ಕಂಪನಿಗಳು ಮನೆಯಿಂದಲೇ ಕೆಲಸಕ್ಕೆ ಅವಕಾಶ ಕೊಟ್ಟಷ್ಟು ಕಾಲ ಮಾರತ್‌ಹಳ್ಳಿ, ಬೆಳ್ಳಂದೂರಿನ ಬೆಳಗಿನ ಬಾಡಿಗೆಗಳು ಹಿಂದಿನಂತೆ ಇರಲಿಲ್ಲ. ಐಟಿ ಕಂಪನಿಯ ಮಾನವ ಸಂಪನ್ಮೂಲ ವಿಭಾಗ ಬರೆಯುವ ಒಂದು ಇಮೇಲ್ ಕೂಡ ಈ ಉದ್ಯಮಕ್ಕೆ ಹೊರಗಿನ ಸಂಗತಿಯೇ.

ಇಂಧನ ಮತ್ತು ಬಡ್ಡಿ ಮೊದಲು ಮುಟ್ಟುವುದು ಚಾಲಕನನ್ನು. ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಪೆಟ್ರೋಲ್ ಎಂಬ ಸಾಲೇ ಇರುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್, ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ದುಬಾರಿಯಾದವು. ಕ್ಯಾಬ್‌ನ ದರ ಮರುದಿನ ಏರಲಿಲ್ಲ. ಸಾಲದ ಕಥೆಯೂ ಹಾಗೆಯೇ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ಅದು ಕೊಡುವ ಸಾಲದ ಬಡ್ಡಿ) ಶೇ 4ರಿಂದ 6.5ಕ್ಕೆ ಏರಿಸಿತು. 7 ಲಕ್ಷ ರೂಪಾಯಿಯ ಐದು ವರ್ಷದ ಸಾಲಕ್ಕೆ ಬಡ್ಡಿ ಶೇ 9ರ ಬದಲು 11 ಆದರೆ ಕಂತು ತಿಂಗಳಿಗೆ ಸುಮಾರು 690 ರೂಪಾಯಿ ಹೆಚ್ಚುತ್ತದೆ. ದೊಡ್ಡ ಮೊತ್ತವಲ್ಲ ಎನಿಸಬಹುದು. ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಿಂಗಳಲ್ಲಿ ಅದು ದೊಡ್ಡ ಮೊತ್ತವೇ. ಅಂಥ ಚಾಲಕ ಕಾರು ಮಾರಿ ಊರಿಗೆ ಹೋದಾಗ, ಆರು ತಿಂಗಳ ನಂತರ ಕಂಪನಿಯ ಲೆಕ್ಕದಲ್ಲಿ ಬಾಡಿಗೆಗಳ ಸಂಖ್ಯೆ ಇಳಿದಿರುತ್ತದೆ.

ಕಂಪನಿಗೂ ಹಣ ಕೊಟ್ಟವರಿದ್ದಾರೆ, ಹೂಡಿಕೆದಾರರೆಂಬ ಹೆಸರಿನಲ್ಲಿ. ಜಗತ್ತಿನಲ್ಲಿ ಹಣ ಅಗ್ಗವಾಗಿದ್ದಾಗ ಪೈಪೋಟಿ ಗೆಲ್ಲಲು ಸುರಿದರು. ಓಲಾ 2015ರಲ್ಲಿ ಬೆಂಗಳೂರಿನದೇ ಆದ ಟ್ಯಾಕ್ಸಿ ಫಾರ್ ಶ್ಯೂರ್ ಅನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡು ಮರುವರ್ಷ ಮುಚ್ಚಿತು. ಉಬರ್ 2016ರಲ್ಲಿ ಚೀನಾದ ವ್ಯವಹಾರವನ್ನು ದೀದಿಗೆ, 2018ರಲ್ಲಿ ಆಗ್ನೇಯ ಏಷ್ಯಾದ್ದನ್ನು ಅಲ್ಲಿನ ಕಂಪನಿ ಗ್ರ್ಯಾಬ್‌ಗೆ ಬಿಟ್ಟುಕೊಟ್ಟಿತು. 2024ರಲ್ಲಿ ಓಲಾ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಹಿಂದೆ ಸರಿಯಿತು. ಬ್ಲೂಸ್ಮಾರ್ಟ್ ಕಥೆ ಇನ್ನೂ ಹತ್ತಿರದ್ದು. ವಿದ್ಯುತ್ ಕಾರು, ಬುಕ್ ಮಾಡಿದರೆ ರದ್ದು ಮಾಡದ ಚಾಲಕರು, ಜನ ಮೆಚ್ಚಿದ ಸೇವೆ. ಆದರೆ ಅದರ ಬಹಳಷ್ಟು ಕಾರುಗಳು ಜೆನ್ಸಾಲ್ ಎಂಜಿನಿಯರಿಂಗ್‌ನಿಂದ ಗುತ್ತಿಗೆಗೆ ಬಂದವು. 2025ರ ಏಪ್ರಿಲ್‌ನಲ್ಲಿ ಜೆನ್ಸಾಲ್ ಪ್ರವರ್ತಕರ ಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿಯ ಆದೇಶ ಹೊರಬಿದ್ದ ಕೆಲವೇ ದಿನಗಳಲ್ಲಿ ಬೆಂಗಳೂರು, ದೆಹಲಿಗಳಲ್ಲಿ ಬುಕಿಂಗ್ ನಿಂತಿತು. ಚಾಲಕರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಬರುತ್ತೇನೆ. ಷೇರು ಮಾರಲು ಬರುವ ಕಂಪನಿಯ ವಿವರಣಾ ಪತ್ರದಲ್ಲಿ ಲಾಭ–ನಷ್ಟದ ಪುಟಕ್ಕಿಂತ ಮೊದಲು ಅಪಾಯದ ಅಂಶಗಳನ್ನು, ಬಾಕಿ ಇರುವ ಮೊಕದ್ದಮೆಗಳ ಪಟ್ಟಿಯನ್ನು ಓದಿ. ಯಾವ ರಾಜ್ಯದಲ್ಲಿ ಯಾವ ಪರವಾನಗಿ, ಅದರ ಅವಧಿ ಯಾವಾಗ ಮುಗಿಯುತ್ತದೆ, ತೆರಿಗೆ ಬಾಕಿಯ ವಿವಾದ ಎಷ್ಟು ಕೋಟಿಯದು, ಒಂದೆರಡು ನಗರಗಳಿಂದಲೇ ಎಷ್ಟು ಆದಾಯ ಬರುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಆದಾಯ ಕಮಿಷನ್ನಿನಿಂದಲೋ ಚಂದಾದಿಂದಲೋ ಎಂದು ಬಿಡಿಸಿ ನೋಡಿ. ಚಂದಾ ಕಟ್ಟುವ ಚಾಲಕರು ತಿಂಗಳಿಂದ ತಿಂಗಳಿಗೆ ಉಳಿಯುತ್ತಿದ್ದಾರೆಯೇ ಎಂಬ ಅಂಕಿ ಕೊಟ್ಟಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. ನಿವೃತ್ತಿಯ ಹಣವನ್ನು ಮಾತ್ರ ಇದಕ್ಕೆ ಹಾಕಬೇಡಿ. ಕಳೆದುಕೊಂಡರೂ ಮನೆಯಲ್ಲಿ ಒಲೆ ಉರಿಯುವಷ್ಟು ಹಣವಿದ್ದರೆ, ಅದರಲ್ಲಿ ಸಣ್ಣ ಪಾಲು ಸಾಕು.

ಸೋದರಳಿಯನ ಕಾರಿನ ವಿಚಾರದಲ್ಲಿ ನನಗೆ ಹೆಚ್ಚು ಆತಂಕವಿದೆ. ಷೇರುದಾರ ಕಳೆದುಕೊಳ್ಳುವುದು ಹಾಕಿದ ಹಣವನ್ನಷ್ಟೇ. ಕಾರು ಕೊಂಡವನ ತಲೆಯ ಮೇಲೆ ಐದು ವರ್ಷದ ಕಂತು ಉಳಿಯುತ್ತದೆ. ಮುಂಗಡ ಕಟ್ಟುವ ಮೊದಲು ಪರಿಚಯದವರ ಹಳದಿ ಬೋರ್ಡ್ ಕಾರನ್ನು ದಿನದ ಬಾಡಿಗೆಗೆ ಪಡೆದು ಒಂದು ತಿಂಗಳು ಓಡಿಸಲಿ. ಒಂದೇ ಆ್ಯಪ್ ಸಾಲದು, ಎರಡು ಮೂರರಲ್ಲಿ ಓಡಿಸಲಿ. ಬಾಡಿಗೆ ಸಿಗದೆ ಖಾಲಿ ಓಡಿಸಿದ ಕಿಲೊಮೀಟರುಗಳನ್ನೂ ಬಿಡದೆ ಪ್ರತಿ ರಾತ್ರಿ ಒಂದು ಪುಸ್ತಕದಲ್ಲಿ ಬರೆಯಲಿ. ತಿಂಗಳ ಕೊನೆಗೆ ಆ ಪುಸ್ತಕ ಹಿಡಿದು ತುಮಕೂರಿಗೆ ಬರಲಿ, ನೀವೇ ಕೂತು ತಪಾಸಣೆ ಮಾಡಿ.